ಮಾರಾಟದ ನಂತರ ಆರಂಭವಾಗುವ ವ್ಯಾಪಾರ: ಅಮೆರಿಕದ ಅಡ್ಡಬಿಲ್ಲು ಅಂಗಡಿಗಳ ಲೆಕ್ಕಾಚಾರ

ಯಂತ್ರವೊಂದನ್ನು ಮಾರಿ, ಹಣ ಎಣಿಸಿಕೊಂಡು, ಗಿರಾಕಿಯನ್ನು ಅಂಗಡಿಯ ಮೆಟ್ಟಿಲವರೆಗೆ ಬೀಳ್ಕೊಟ್ಟರೆ ವ್ಯಾಪಾರ ಮುಗಿಯಿತೆಂದು ಭಾವಿಸುವ ವರ್ತಕರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಪಂಪ್‌ಸೆಟ್ಟು, ಹೊಲಿಗೆ ಯಂತ್ರ, ದ್ವಿಚಕ್ರ ವಾಹನ ಮುಂತಾದ ವಸ್ತುಗಳನ್ನು ಮಾರುವವರಿಗಂತೂ ಈ ಭಾವನೆ ಎಷ್ಟು ದುಬಾರಿಯೆಂಬುದು ಅನುಭವದಿಂದ ತಿಳಿದ ಸಂಗತಿ. ಮಾರಾಟದ ನಂತರದ ಸೇವೆಗೂ ವ್ಯಾಪಾರದ ಉಳಿವಿಗೂ ಇರುವ ಸಂಬಂಧವನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುವ ಒಂದು ಉದ್ಯಮವೆಂದರೆ, ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜಿಂಕೆ ಬೇಟೆಗೆ ಬಳಸುವ ಕ್ರಾಸ್‌ಬೋ, ಅಂದರೆ ಅಡ್ಡಬಿಲ್ಲಿನ ಚಿಲ್ಲರೆ ವ್ಯಾಪಾರ.

ನಮ್ಮ ದೇಶದಲ್ಲಿ ಈ ವಸ್ತುವಿಗೆ ಬೇಟೆಯ ಮಾರುಕಟ್ಟೆ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ 9ನೇ ಕಲಮು ಬೇಟೆಯನ್ನು ನಿಷೇಧಿಸಿದೆ. ಆದರೆ ಆ ಅಂಗಡಿಗಳು ಎದುರಿಸುತ್ತಿರುವ ಪ್ರಶ್ನೆ ಕರ್ನಾಟಕದ ಯಾವುದೇ ಯಂತ್ರೋಪಕರಣ ವರ್ತಕರಿಗೆ ಅಪರಿಚಿತವಲ್ಲ. ಅಂತರಜಾಲದಲ್ಲಿ ಕಡಿಮೆ ಬೆಲೆಗೆ ದೊರೆಯುವ ವಸ್ತುವನ್ನು ಗಿರಾಕಿ ಅಂಗಡಿಗೆ ಬಂದು ಏಕೆ ಕೊಳ್ಳಬೇಕು? ಕೊಂಡ ಮೇಲೆ ಅಂಗಡಿಯವರು ಕೊಡುವ ‘ಉಚಿತ’ ಸೇವೆಯ ವೆಚ್ಚವನ್ನು ಭರಿಸುವವರು ಯಾರು? ಈ ಎರಡು ಪ್ರಶ್ನೆಗಳ ಹಿನ್ನೆಲೆಯಲ್ಲಿ ಅಡ್ಡಬಿಲ್ಲಿನ ನಿರ್ವಹಣೆ, ಡೀಲರ್ ಸೇವೆ ಮತ್ತು ಆಯ್ಕೆಯ ವಿಚಾರಗಳನ್ನು ಪರಿಶೀಲಿಸುವುದು ಉಪಯುಕ್ತ.

ಕಾನೂನು ಮತ್ತು ತೆರಿಗೆ

ಅಮೆರಿಕದಲ್ಲಿ ಬೇಟೆಯ ನಿಯಮಗಳನ್ನು ರೂಪಿಸುವುದು ಆಯಾ ರಾಜ್ಯ. ಬಹುಕಾಲ ಅನೇಕ ರಾಜ್ಯಗಳು ಬಿಲ್ಲುಬೇಟೆಯ ಋತುವಿನಲ್ಲಿ ಅಡ್ಡಬಿಲ್ಲನ್ನು ಅಂಗವಿಕಲರಿಗೆ ಮಾತ್ರ ವಿಶೇಷ ಪರವಾನಗಿಯ ಮೇಲೆ ಅನುಮತಿಸುತ್ತಿದ್ದವು. ಒಹಾಯೊದಂತಹ ಕೆಲವೇ ರಾಜ್ಯಗಳು ಇದಕ್ಕೆ ಅಪವಾದವಾಗಿದ್ದವು. 2009ರಲ್ಲಿ ಪೆನ್ಸಿಲ್ವೇನಿಯ ಮತ್ತು ಮಿಷಿಗನ್ ರಾಜ್ಯಗಳು ನಿರ್ಬಂಧವನ್ನು ಸಡಿಲಿಸಿದವು. 2014ರಲ್ಲಿ ವಿಸ್ಕಾನ್ಸಿನ್ ಅಡ್ಡಬಿಲ್ಲಿಗೆಂದೇ ಪ್ರತ್ಯೇಕ ಋತುವನ್ನು ಆರಂಭಿಸಿತು. ಇದಕ್ಕೆ ವ್ಯತಿರಿಕ್ತವಾಗಿ ಆರಿಗನ್ ರಾಜ್ಯವು ಅಡ್ಡಬಿಲ್ಲಿನ ಬೇಟೆಗೆ ಅವಕಾಶ ನೀಡಿಲ್ಲ. ಭುಜದ ನೋವಿನಿಂದಲೋ ವಯಸ್ಸಿನಿಂದಲೋ ಸಾಮಾನ್ಯ ಬಿಲ್ಲನ್ನು ಎಳೆದು ಹಿಡಿಯಲಾಗದ ಬೇಟೆಗಾರರಿಗೆ ಈ ಸಡಿಲಿಕೆ ವರದಾನವಾಯಿತು. ಅಂಗಡಿಗಳಿಗೆ ಹೊಸ ಗಿರಾಕಿಗಳು ದೊರೆತರು.

ಈ ವ್ಯಾಪಾರದ ಮೇಲಿನ ತೆರಿಗೆಯೂ ಗಮನಾರ್ಹ. ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆಯೆಂದು ಪ್ರಸಿದ್ಧವಾದ 1937ರ ಶಾಸನದ ಪ್ರಕಾರ ಬೇಟೆಯ ಬಂದೂಕು ಮತ್ತು ಮದ್ದುಗುಂಡುಗಳ ಮೇಲಿನ ಅಬಕಾರಿ ಸುಂಕವು ರಾಜ್ಯಗಳ ವನ್ಯಜೀವಿ ಕಾರ್ಯಗಳಿಗೆ ಮೀಸಲಾಗಿದೆ. 1972ರ ತಿದ್ದುಪಡಿ ಬಿಲ್ಲುವಿದ್ಯೆಯ ಉಪಕರಣಗಳನ್ನೂ ಇದರ ವ್ಯಾಪ್ತಿಗೆ ತಂದಿತು. 30 ಪೌಂಡ್ ಅಥವಾ ಅದಕ್ಕಿಂತ ಹೆಚ್ಚಿನ ಸೆಳೆತವುಳ್ಳ ಬಿಲ್ಲುಗಳ ಮೇಲೆ ಶೇ. 11ರಷ್ಟು ಸುಂಕವನ್ನು ಅವುಗಳ ತಯಾರಕರು ಅಥವಾ ಆಮದುದಾರರು ತಮ್ಮ ಮಾರಾಟ ಬೆಲೆಯ ಮೇಲೆ ತೆರುತ್ತಾರೆ. ಚಿಲ್ಲರೆ ಡೀಲರರ ಲೆಕ್ಕದಲ್ಲಿ ಇದು ಬೇರೆಯಾಗಿ ಕಾಣುವುದಿಲ್ಲ. ಖರೀದಿ ಬೆಲೆಯಲ್ಲಿಯೇ ಅಡಗಿರುತ್ತದೆ. ಸಾಮಾನ್ಯವಾಗಿ ಯೋಜನೆಯ ವೆಚ್ಚದ ಕಾಲುಭಾಗವನ್ನು ರಾಜ್ಯ ಭರಿಸಿದರೆ ಉಳಿದ ಮುಕ್ಕಾಲು ಭಾಗ ಈ ನಿಧಿಯಿಂದ ದೊರೆಯುತ್ತದೆ. ಬೇಟೆಗಾರರ ಸುರಕ್ಷತಾ ಶಿಕ್ಷಣಕ್ಕೂ ಇದೇ ನಿಧಿಯಿಂದ ಹಣ ಒದಗುತ್ತದೆ. ಆ ಶಿಕ್ಷಣದ ಅಗತ್ಯವೇನೆಂಬುದು ಅಡ್ಡಬಿಲ್ಲಿನ ರಚನೆಯನ್ನು ನೋಡಿದರೆ ಅರ್ಥವಾಗುತ್ತದೆ.

ಹೆದೆಯಲ್ಲಿ ಕಾದಿರುವ ಶಕ್ತಿ

ಸಾಮಾನ್ಯ ಬೇಟೆಬಿಲ್ಲಿನ ಸೆಳೆತ 40ರಿಂದ 70 ಪೌಂಡ್. ಅಡ್ಡಬಿಲ್ಲಿನಲ್ಲಿ ಇದು 150ರಿಂದ 200 ಪೌಂಡ್ ಇರುವುದು ಸಾಮಾನ್ಯ. ಬಂದೂಕಿನ ಹಿಡಿಯಂತಹ ದಿಮ್ಮಿಯ ತುದಿಯಲ್ಲಿ ಬಿಲ್ಲನ್ನು ಅಡ್ಡವಾಗಿ ಕೂರಿಸಲಾಗಿರುತ್ತದೆ. ಹೆದೆಯನ್ನು ಹಿಂದಕ್ಕೆಳೆದು ಕೊಂಡಿಗೆ ಸಿಕ್ಕಿಸಿದರೆ ಟ್ರಿಗರ್ ಒತ್ತುವವರೆಗೆ ಅಷ್ಟೂ ಶಕ್ತಿ ಬಿಲ್ಲಿನ ತೋಳುಗಳಲ್ಲಿ ಕಾದಿರುತ್ತದೆ. 400 ಗ್ರೇನ್ ತೂಕದ ಬಾಣವು ಸೆಕೆಂಡಿಗೆ 350 ಅಡಿ ವೇಗದಲ್ಲಿ ಹೊರಟರೆ ಅದರ ಚಲನಶಕ್ತಿ ಸುಮಾರು 109 ಅಡಿ-ಪೌಂಡ್.

ಬಾಣವಿದ್ದರೆ ಈ ಶಕ್ತಿಯ ಬಹುಭಾಗ ಬಾಣದೊಂದಿಗೆ ಹೊರಟುಹೋಗುತ್ತದೆ. ಬಾಣವಿಲ್ಲದೆ ಹೆದೆ ಬಿಟ್ಟರೆ ಅದೇ ಶಕ್ತಿ ತೋಳು, ಹೆದೆ, ಕೇಬಲ್ ಮತ್ತು ಗಾಲಿಗಳ ಮೇಲೆಯೇ ತಿರುಗಿಬೀಳುತ್ತದೆ. ಇದನ್ನು ‘ಡ್ರೈ ಫೈರ್’ ಎನ್ನುತ್ತಾರೆ. ಒಂದೇ ಡ್ರೈ ಫೈರ್‌ನಿಂದ ತೋಳು ಸೀಳಬಹುದು, ಹೆದೆ ತುಂಡಾಗಬಹುದು. ಹೊರಗೆ ಏನೂ ಕಾಣದೆ ಒಳಗೆ ಬಿರುಕು ಉಳಿಯುವುದು ಇನ್ನೂ ಅಪಾಯಕಾರಿ. ತಯಾರಕರು ಸೂಚಿಸಿದ ಕನಿಷ್ಠ ತೂಕಕ್ಕಿಂತ ಹಗುರವಾದ ಬಾಣವನ್ನು ಬಳಸುವುದೂ ಅರ್ಧ ಡ್ರೈ ಫೈರ್ ಇದ್ದಂತೆಯೇ. ಬಾಣದ ಬುಡದಲ್ಲಿರುವ ನಾಕ್ ಎಂಬ ಕಚ್ಚು ಹೆದೆಗೆ ಪೂರ್ಣವಾಗಿ ಕೂಡದಿದ್ದರೆ ಹೆದೆ ಬಾಣದ ಮೇಲೆ ಹಾರಿ ಇದೇ ಪರಿಣಾಮ ಉಂಟಾಗಬಹುದು. ಆದ್ದರಿಂದ ಕೈಪಿಡಿಯಲ್ಲಿ ಹೇಳಿದ ಮಾದರಿಯ ನಾಕ್ ಹೊರತು ಬೇರೊಂದನ್ನು ಬಳಸಬಾರದು.

ಇನ್ನೊಂದು ಅಪಾಯ ಹೆಬ್ಬೆರಳಿನದು. ಬಾಣ ಜಾರುವ ಹಳಿಯ ಮೇಲಂಚಿಗೆ ಬೆರಳು ಏರಿದ್ದರೆ, ಬಿಟ್ಟ ಹೆದೆ ಅದನ್ನು ತೀವ್ರವಾಗಿ ಗಾಯಗೊಳಿಸುತ್ತದೆ. ಬೆರಳನ್ನೇ ಕಳೆದುಕೊಂಡವರೂ ಇದ್ದಾರೆ. ಬೆರಳು ಮೇಲೇರದಂತೆ ಇತ್ತೀಚಿನ ಅನೇಕ ಮಾದರಿಗಳಲ್ಲಿ ತಡೆಪಟ್ಟಿ ಇದೆ.

ಮಾಲೀಕರು ಮಾಡಬೇಕಾದುದು

ನಿತ್ಯದ ನಿರ್ವಹಣೆ ಕಷ್ಟದ ಕೆಲಸವಲ್ಲ. ಆದರೆ ತಪ್ಪದೆ ಮಾಡಬೇಕಾದ ಕೆಲಸ.

ಮೊದಲನೆಯದಾಗಿ, ಪ್ರತಿ ಬಾರಿ ಬಳಸುವ ಮುನ್ನ ಹೆದೆ ಮತ್ತು ಕೇಬಲ್‌ಗಳ ಎಳೆಗಳು ಬಿಟ್ಟಿವೆಯೇ ಎಂದು ನೋಡಬೇಕು. ತೋಳುಗಳ ಮೇಲೆ ಹತ್ತಿಯ ಉಂಡೆಯನ್ನು ಸವರಿದರೆ ಕಣ್ಣಿಗೆ ಕಾಣದ ಸೀಳು ಹತ್ತಿಯ ಎಳೆಯನ್ನು ಹಿಡಿದು ತನ್ನನ್ನು ತೋರಿಸಿಕೊಡುತ್ತದೆ. ದೂರದರ್ಶಕದ ಮತ್ತು ಪಾದವಿಡುವ ರಿಕಾಪಿನ ತಿರುಪುಗಳು ಸಡಿಲವಾಗಿವೆಯೇ ಎಂದು ಪರೀಕ್ಷಿಸಬೇಕು. ಕಾರ್ಬನ್ ಬಾಣಗಳನ್ನು ಮೆಲ್ಲಗೆ ಬಾಗಿಸಿ ಬಿರುಕಿನ ಸದ್ದು ಕೇಳಬೇಕು.

ಎರಡನೆಯದಾಗಿ, ಹೆದೆ ಮತ್ತು ಕೇಬಲ್‌ಗಳಿಗೆ ಆಗಾಗ ಮೇಣ ಹಚ್ಚಬೇಕು. ಹೆದೆಯ ನಡುವೆ, ಕೊಂಡಿ ಮತ್ತು ಬಾಣ ತಾಗುವಲ್ಲಿ, ದಾರವನ್ನು ಒತ್ತಾಗಿ ಸುತ್ತಿರುತ್ತಾರೆ. ಸಾಮಾನ್ಯವಾಗಿ ಆ ಸುತ್ತಿಗೆ ಮೇಣ ಹಚ್ಚುವುದಿಲ್ಲ; ಮೇಣ ಕೊಂಡಿಯೊಳಗೆ ಸೇರಿ ಅಂಟುತ್ತದೆ. ಬಾಣದ ಹಳಿಗೆ ಅದಕ್ಕೆಂದೇ ಇರುವ ಎಣ್ಣೆಯ ತೆಳು ಲೇಪ ಸಾಕು. ಹೆದೆ ಹಳಿಗೆ ತಾಗದಂತೆ ರಚಿಸಿದ ಮಾದರಿಗಳಿಗೆ ಅದೂ ಬೇಡ. ಟ್ರಿಗರಿನ ಪೆಟ್ಟಿಗೆಯೊಳಗೆ ಸಿಕ್ಕಿದ ಎಣ್ಣೆಯನ್ನು ಸಿಂಪಡಿಸಿದರೆ ಧೂಳು ಅಂಟಿ ಕೆಡುಕೇ ಹೆಚ್ಚು. ಈ ಎಲ್ಲ ವಿಷಯಗಳಲ್ಲಿಯೂ ಆಯಾ ಮಾದರಿಯ ಕೈಪಿಡಿಯ ಮಾತೇ ಅಂತಿಮ.

ಮೂರನೆಯದಾಗಿ, ದಿನದ ಬೇಟೆ ಮುಗಿದ ಮೇಲೆ ಹೆದೆಯನ್ನು ಏರಿಸಿಟ್ಟು ಬಿಡಬಾರದು. ಹಳೆಯ ಮಾದರಿಗಳಲ್ಲಿ ಇದಕ್ಕೆಂದೇ ಇರುವ ಮೊಂಡು ಬಾಣವನ್ನು ಸುರಕ್ಷಿತ ಗುರಿಗೆ ಬಿಟ್ಟು ಹೆದೆಯನ್ನು ಇಳಿಸುತ್ತಾರೆ. ಹಿಡಿಕೆ ತಿರುಗಿಸಿ ಎಳೆಯುವ ಸಾಧನವಿರುವ ಕೆಲವು ಹೊಸ ಮಾದರಿಗಳಲ್ಲಿ ಅದೇ ಸಾಧನದಿಂದ ಹೆದೆಯನ್ನು ಮೆಲ್ಲನೆ ಇಳಿಸಬಹುದು. ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಿಲ್ಲನ್ನು ಇಡುವುದು ತೋಳುಗಳಿಗೂ ಹೆದೆಗೂ ಹಾನಿಕರ.

ಮಾಲೀಕರ ಕೆಲಸ ಇಲ್ಲಿಗೆ ಮುಗಿಯುತ್ತದೆ. ಡ್ರೈ ಫೈರ್ ಆಗಿದ್ದರೆ, ಸೀಳು ಕಂಡಿದ್ದರೆ, ಹೆದೆ ಸವೆದಿದ್ದರೆ ಮುಂದಿನದು ಅಂಗಡಿಯ ಕೆಲಸ.

ಡೀಲರ್ ಸೇವೆ ಎಂದರೇನು?

ಗಾಲಿಗಳಿರುವ ಕಾಂಪೌಂಡ್ ಬಿಲ್ಲುಗಳ ಹೆದೆಯನ್ನು ಬದಲಾಯಿಸಲು ತೋಳುಗಳನ್ನು ಅದುಮಿ ಹಿಡಿಯುವ ಬೋ ಪ್ರೆಸ್ ಎಂಬ ಸಲಕರಣೆ ಬೇಕು. ಇದನ್ನು ಮನೆಯಲ್ಲಿ ತೋಚಿದಂತೆ ಮಾಡಹೋದರೆ ಬಿಲ್ಲಿಗೂ ಮುಖಕ್ಕೂ ಅಪಾಯ. ಎರಡು ಗಾಲಿಗಳು ಒಂದೇ ಕಾಲಕ್ಕೆ ತಿರುಗುವಂತೆ ಕೇಬಲ್‌ಗಳನ್ನು ಹೊಂದಿಸುವುದು, ಕೊಂಡಿ ಮತ್ತು ಡ್ರೈ ಫೈರ್ ತಡೆಯನ್ನು ಪರೀಕ್ಷಿಸುವುದು, ಕೊನೆಗೆ ಗುರಿಹಲಗೆಗೆ ಬಾಣ ಬಿಟ್ಟು ನೋಡುವುದು ಇವೆಲ್ಲ ತರಬೇತಿ ಪಡೆದವರ ಕೆಲಸ. ಬಳಕೆಯನ್ನು ಅವಲಂಬಿಸಿ ಎರಡು ಮೂರು ವರ್ಷಗಳಿಗೊಮ್ಮೆ ಹೆದೆ ಮತ್ತು ಕೇಬಲ್‌ಗಳನ್ನು ಬದಲಾಯಿಸುವುದು ರೂಢಿ. ಗಾಲಿಗಳಿಲ್ಲದ ರಿಕರ್ವ್ ಮಾದರಿಗಳಿಗೆ ಬೋ ಪ್ರೆಸ್ ಬೇಕಿಲ್ಲ. 1983ರಲ್ಲಿ ಸ್ಥಾಪಿತವಾದ ಕೆನಡಾದ ಎಕ್ಸ್‌ಕ್ಯಾಲಿಬರ್ ಸಂಸ್ಥೆ ಈ ಬಗೆಯ ಬಿಲ್ಲುಗಳಿಗೆ ಹೆಸರಾಗಿದೆ. ಅವುಗಳ ಹೆದೆಯನ್ನು ಸರಳವಾದ ಸಹಾಯಕ ದಾರದಿಂದ ಮಾಲೀಕರೇ ಬದಲಾಯಿಸಿಕೊಳ್ಳಬಹುದು.

ಬಿಲ್ಲುಬೇಟೆಯ ಋತು ಬಹುತೇಕ ರಾಜ್ಯಗಳಲ್ಲಿ ಸೆಪ್ಟೆಂಬರ್ ಅಥವಾ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ವರ್ಷವಿಡೀ ಅಟ್ಟದಲ್ಲಿದ್ದ ಬಿಲ್ಲುಗಳೆಲ್ಲ ಅದಕ್ಕೆ ಎರಡು ವಾರ ಮುಂಚೆ ಒಮ್ಮೆಲೇ ಅಂಗಡಿಗೆ ಬರುತ್ತವೆ. ಅವುಗಳಲ್ಲಿ ಅಂತರಜಾಲದಲ್ಲಿ ಕೊಂಡವೂ ಇರುತ್ತವೆ. ನೂರು ಡಾಲರ್ ಉಳಿಸಿದೆನೆಂದು ಹಿಗ್ಗಿದ ಗಿರಾಕಿ, ಹೆದೆಯ ಎಳೆ ಬಿಟ್ಟಾಗ ಹತ್ತಿರದ ಅಂಗಡಿಯನ್ನೇ ಹುಡುಕಿಕೊಂಡು ಬರಬೇಕಾಗುತ್ತದೆ. ಅಂಗಡಿಯವರು ಮುಖ ತಿರುಗಿಸಿದರೆ ಒಬ್ಬ ಗಿರಾಕಿ ಶಾಶ್ವತವಾಗಿ ದೂರವಾಗುತ್ತಾರೆ. ಅವಸರದಲ್ಲಿ ಬಿಟ್ಟಿಯಾಗಿ ಮಾಡಿಕೊಟ್ಟರೆ ತಮ್ಮಲ್ಲಿಯೇ ಕೊಂಡ ಗಿರಾಕಿಗಳ ಬಿಲ್ಲುಗಳು ಸಾಲಿನಲ್ಲಿ ಹಿಂದೆ ಬೀಳುತ್ತವೆ.

ವಿವೇಕಿಗಳಾದ ಡೀಲರ್‌ಗಳು ಇದಕ್ಕೆ ಮೂರು ಕ್ರಮಗಳನ್ನು ಕಂಡುಕೊಂಡಿದ್ದಾರೆ. ಸೇವೆಯ ದರಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ತೂಗುಹಾಕುವುದು ಮೊದಲನೆಯದು. ಋತು ಮುಗಿದ ಮೇಲೆ, ಫೆಬ್ರವರಿಯಿಂದ ಜುಲೈ ವರೆಗಿನ ಬಿಡುವಿನಲ್ಲಿ, ಸೇವೆಗೆ ರಿಯಾಯಿತಿ ನೀಡಿ ಗಿರಾಕಿಗಳಿಗೆ ಪತ್ರ ಬರೆಯುವುದು ಎರಡನೆಯದು. ಪ್ರತಿಯೊಂದು ಬಿಲ್ಲಿನ ಕ್ರಮಸಂಖ್ಯೆ, ಹೆದೆ ಹಾಕಿದ ದಿನಾಂಕ, ಬಂದಾಗ ಇದ್ದ ಸ್ಥಿತಿ ಮತ್ತು ಮಾಡಿದ ಕೆಲಸವನ್ನು ದಾಖಲಿಸಿ ಗಿರಾಕಿಯ ಸಹಿ ಪಡೆಯುವುದು ಮೂರನೆಯದು. ಮುಂದೆ ಅಪಘಾತ ಸಂಭವಿಸಿ ಹೊಣೆಯ ಪ್ರಶ್ನೆ ಎದ್ದಾಗ, ವಿಮಾ ಕಂಪನಿಯ ಮುಂದೆಯೂ ನ್ಯಾಯಾಲಯದ ಮುಂದೆಯೂ ಅಂಗಡಿಯನ್ನು ಕಾಯುವುದು ಈ ದಾಖಲೆಯೇ. ಬಿಲ್ಲಿನ ಜೊತೆಗೆ ಬಿಲ್ಲೂ ಇರಬೇಕೆಂಬುದು ಇಲ್ಲಿ ಬರಿಯ ಶಬ್ದಚಮತ್ಕಾರವಲ್ಲ.

‘ಉಚಿತ’ ಸೇವೆಯ ನಿಜವಾದ ಬೆಲೆ

ಈಗ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಕೇವಲ ಉದಾಹರಣೆಗಾಗಿ. ಡೀಲರ್ ಒಬ್ಬರು 750 ಡಾಲರಿಗೆ ಕೊಂಡ ಅಡ್ಡಬಿಲ್ಲನ್ನು 1,000 ಡಾಲರಿಗೆ ಮಾರಿ, ಎರಡು ವರ್ಷ ವರ್ಷಕ್ಕೊಮ್ಮೆ ಉಚಿತ ಸೇವೆಯ ಭರವಸೆ ನೀಡಿದ್ದಾರೆಂದು ಇಟ್ಟುಕೊಳ್ಳೋಣ. ಕೂಲಿ, ಬಾಡಿಗೆ, ಸಲಕರಣೆಯ ಸವಕಳಿ ಮತ್ತು ಸಾಮಗ್ರಿ ಸೇರಿ ಒಂದು ಸೇವೆಗೆ ಅವರಿಗೆ ತಗಲುವ ವೆಚ್ಚ 50 ಡಾಲರ್. ಮೇಲ್ನೋಟಕ್ಕೆ ಲಾಭ 250 ಡಾಲರ್; ನಿಜವಾದ ಲಾಭ 150 ಡಾಲರ್. ಅಂತರಜಾಲದ ಬೆಲೆಗೆ ಸರಿಗಟ್ಟಲು 100 ಡಾಲರ್ ರಿಯಾಯಿತಿಯನ್ನೂ ಕೊಟ್ಟರೆ ಉಳಿಯುವುದು 50 ಡಾಲರ್ ಮಾತ್ರ.

ರಿಯಾಯಿತಿ ಕೊಡದೆಯೇ ವರ್ಷಕ್ಕೆ 200 ಬಿಲ್ಲುಗಳನ್ನು ಮಾರಿದರೆಂದು ಭಾವಿಸಿದರೆ ಮೊದಲ ವರ್ಷದ ಪುಸ್ತಕದಲ್ಲಿ 50,000 ಡಾಲರ್ ಲಾಭ ಕಾಣುತ್ತದೆ. ಅದರಲ್ಲಿ 20,000 ಡಾಲರ್ ಮುಂದಿನ ಎರಡು ವರ್ಷಗಳ ಕಾರ್ಯಾಗಾರದ ವೆಚ್ಚಕ್ಕೆ ಸೇರಬೇಕಾದುದು. ಅಷ್ಟನ್ನೂ ಮನೆಯ ಖರ್ಚಿಗೆ ತೆಗೆದರೆ, ಮಾರಾಟ ಇಳಿದ ವರ್ಷ ಸೇವೆಗೆ ಬಂದ ಬಿಲ್ಲುಗಳು ಸಾಲಾಗಿ ನಿಂತಿರುತ್ತವೆ, ಕೆಲಸಗಾರರಿಗೆ ಸಂಬಳ ಕೊಡಲು ಗಲ್ಲಾಪೆಟ್ಟಿಗೆಯಲ್ಲಿ ಹಣವಿರುವುದಿಲ್ಲ. ಲಾಭದಲ್ಲಿದ್ದೇವೆಂದು ನಂಬಿಕೊಂಡೇ ಅಂಗಡಿ ಬಾಗಿಲು ಮುಚ್ಚುವ ಬಗೆ ಇದು.

ಲೆಕ್ಕಪತ್ರ ಮಾನಕಗಳು ಈ ತಪ್ಪನ್ನು ತಡೆಯಲು ದಾರಿ ತೋರಿಸಿವೆ. ಅಮೆರಿಕದ ಎಎಸ್‌ಸಿ 606 ಮತ್ತು ಭಾರತದಲ್ಲಿ 2018ರ ಏಪ್ರಿಲ್ 1ರಿಂದ ಅನ್ವಯವಾಗುತ್ತಿರುವ ಇಂಡ್ ಎಎಸ್ 115, ವಸ್ತುವಿನೊಂದಿಗೆ ನೀಡಿದ ಸೇವೆಯ ಭರವಸೆಯನ್ನು ಪ್ರತ್ಯೇಕ ಹೊಣೆಯೆಂದು ಪರಿಗಣಿಸುತ್ತವೆ. ಮೇಲಿನ ಉದಾಹರಣೆಯಲ್ಲಿ ಬಿಲ್ಲಿನ ಬಿಡಿ ಬೆಲೆ 1,000 ಡಾಲರ್, ಎರಡು ಸೇವೆಗಳ ಬಿಡಿ ಬೆಲೆ 150 ಡಾಲರ್ ಆದರೆ, ಪಡೆದ 1,000 ಡಾಲರಿನಲ್ಲಿ ಸುಮಾರು 130 ಡಾಲರನ್ನು ಸೇವೆಯ ಪಾಲೆಂದು ಬೇರ್ಪಡಿಸಿ, ಸೇವೆ ಸಲ್ಲಿಸಿದ ವರ್ಷಗಳಲ್ಲಿ ಮಾತ್ರ ಆದಾಯವೆಂದು ತೋರಿಸಬೇಕು. 200 ಬಿಲ್ಲುಗಳಿಗೆ ಇದು ಸುಮಾರು 26,000 ಡಾಲರ್. ವಸ್ತು ದೋಷರಹಿತವಾಗಿದೆಯೆಂಬ ಸಾಮಾನ್ಯ ಖಾತರಿಯ ವಿಚಾರ ಬೇರೆ. ಅದಕ್ಕೆ ಅಂದಾಜು ವೆಚ್ಚದ ಅವಕಾಶವನ್ನು ಲೆಕ್ಕದಲ್ಲಿ ಕಲ್ಪಿಸಬೇಕು. ಈ ಮಾನಕಗಳು ಕಡ್ಡಾಯವಲ್ಲದ ಸಣ್ಣ ವರ್ತಕರು ಕೂಡ ಪ್ರತಿ ಮಾರಾಟದಿಂದ ಇಂತಿಷ್ಟು ಹಣವನ್ನು ಬೇರೆ ಖಾತೆಗೆ ಹಾಕಿಟ್ಟರೆ ಉದ್ದೇಶ ಈಡೇರುತ್ತದೆ.

ಕೊಳ್ಳುವವರು ಗಮನಿಸಬೇಕಾದುದು

ಕೊಳ್ಳುವವರು ಮೊದಲು ತಮ್ಮ ರಾಜ್ಯದ ನಿಯಮವನ್ನು ಓದಬೇಕು. ಕೆಲವು ರಾಜ್ಯಗಳು ಕನಿಷ್ಠ 125 ಪೌಂಡ್ ಸೆಳೆತವನ್ನು ವಿಧಿಸಿವೆ. ಬಾಣದ ಮೊನೆಯ ಅಗಲ, ಸುರಕ್ಷತಾ ಕೀಲಿ ಮುಂತಾದವುಗಳಿಗೂ ನಿಯಮಗಳಿವೆ.

ಎರಡನೆಯ ವಿಚಾರ, ಹೆದೆ ಏರಿಸುವ ಸಾಮರ್ಥ್ಯ. ಬರಿಗೈಯಲ್ಲಿ ಎಳೆದರೆ ಹೆದೆ ಒಂದು ಪಕ್ಕಕ್ಕೆ ವಾಲಿ ಗುರಿ ತಪ್ಪುತ್ತದೆ. ಎಳೆಯುವ ಹಗ್ಗವನ್ನು ಬಳಸಿದರೆ ಶ್ರಮ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಹೆದೆಯೂ ಸಮನಾಗಿ ಬರುತ್ತದೆ. 150 ಪೌಂಡಿನ ಬಿಲ್ಲಿಗೆ ಇದು 75 ಪೌಂಡಿನ ಶ್ರಮ. ಅದೂ ಆಗದವರಿಗೆ ತಿರುಗಿಸುವ ಹಿಡಿಕೆ ಇದೆ. ಅದಕ್ಕೆ ಬೆಲೆಯೂ ಹೆಚ್ಚು, ದುರಸ್ತಿಗೆ ಒಂದು ಭಾಗವೂ ಹೆಚ್ಚು.

ಮೂರನೆಯದು ವೇಗ. ಜಾಹೀರಾತುಗಳೆಲ್ಲ ವೇಗವನ್ನೇ ಸಾರುತ್ತವೆ. ಸೆಕೆಂಡಿಗೆ 500 ಅಡಿ ಮೀರಿದ ಮಾದರಿಗಳೂ ಮಾರುಕಟ್ಟೆಯಲ್ಲಿವೆ. ಆದರೆ 40 ಗಜ, ಅಂದರೆ 120 ಅಡಿ ದೂರದ ಜಿಂಕೆಯನ್ನು ತಲುಪಲು 350 ಅಡಿ ವೇಗದ ಬಾಣಕ್ಕೆ ಸುಮಾರು 0.34 ಸೆಕೆಂಡ್ ಬೇಕಾದರೆ, 400 ಅಡಿ ವೇಗದ ಬಾಣಕ್ಕೆ 0.30 ಸೆಕೆಂಡ್ ಬೇಕು. ಬಿಲ್ಲಿನ ಸದ್ದು ಸುಮಾರು 0.11 ಸೆಕೆಂಡಿನಲ್ಲಿಯೇ ಜಿಂಕೆಯ ಕಿವಿಯನ್ನು ತಲುಪಿರುತ್ತದೆ. ಅಂದರೆ ಎರಡು ಬಾಣಗಳೂ ಸದ್ದಿನ ಹಿಂದೆಯೇ ಉಳಿಯುತ್ತವೆ. ನೂರಾರು ಡಾಲರ್ ಹೆಚ್ಚು ತೆತ್ತು ಗಳಿಸುವ 0.04 ಸೆಕೆಂಡಿಗಾಗಿ ಹೆದೆ ಮತ್ತು ತೋಳುಗಳು ಹೆಚ್ಚಿನ ಒತ್ತಡವನ್ನು ಸಹಿಸಬೇಕಾಗುತ್ತದೆ. ಗುರಿ ತಪ್ಪಿದ ಬಾಣ ಪ್ರಾಣಿಯನ್ನು ಕೊಲ್ಲದೆ ಗಾಯಗೊಳಿಸಿ ನರಳಿಸುತ್ತದೆ. ಹತ್ತಿರದಿಂದ, ಚೆನ್ನಾಗಿ ಹೊಂದಿಸಿದ ಬಿಲ್ಲಿನಿಂದ ಬಿಟ್ಟ ನಿಧಾನದ ಬಾಣ, ಕೆಟ್ಟ ಹೆದೆಯ ವೇಗದ ಬಾಣಕ್ಕಿಂತ ಮೇಲು.

ನಾಲ್ಕನೆಯದಾಗಿ, ಖಾತರಿ ಪತ್ರದ ಸಣ್ಣ ಅಕ್ಷರಗಳು. ‘ಜೀವಮಾನದ ಖಾತರಿ’ ಎಂಬ ದೊಡ್ಡ ಅಕ್ಷರಗಳ ಕೆಳಗೆ ಹೆದೆ, ಕೇಬಲ್ ಮತ್ತು ಡ್ರೈ ಫೈರ್‌ನ ಹಾನಿಯನ್ನು ಹೊರಗಿಟ್ಟಿರುವುದು ಸಾಮಾನ್ಯ. ಖಾತರಿಯು ನೋಂದಾಯಿಸಿದ ಮೊದಲ ಖರೀದಿದಾರರಿಗೆ ಮಾತ್ರ ಸಲ್ಲುವುದೂ ಉಂಟು. ಆದ್ದರಿಂದ ಬಳಸಿದ ಬಿಲ್ಲನ್ನು ಕೊಳ್ಳುವವರು ಅದನ್ನು ಮೊದಲು ಅಂಗಡಿಯಲ್ಲಿ ಪರೀಕ್ಷಿಸಿ, ಹೊಸ ಹೆದೆಯ ವೆಚ್ಚವನ್ನು ಬೆಲೆಗೆ ಸೇರಿಸಿಕೊಂಡು ಲೆಕ್ಕಹಾಕಬೇಕು.

ಕೊನೆಯದಾಗಿ, ಬಿಲ್ಲನ್ನು ಆರಿಸುವ ಮುನ್ನ ಡೀಲರರನ್ನು ಆರಿಸಬೇಕು. ಆ ಮಾದರಿಗೆ ಸರಿಯಾದ ಬೋ ಪ್ರೆಸ್ ಇದೆಯೇ, ಹೆದೆ ದಾಸ್ತಾನಿದೆಯೇ, ಖಾತರಿ ಕೆಲಸವನ್ನು ಅಂಗಡಿಯಲ್ಲಿಯೇ ಮಾಡುತ್ತಾರೆಯೇ ಅಥವಾ ಕಾರ್ಖಾನೆಗೆ ಕಳುಹಿಸುತ್ತಾರೆಯೇ, ಕೊಳ್ಳುವ ಮುನ್ನ ಬಾಣ ಬಿಟ್ಟು ನೋಡಲು ಸ್ಥಳವಿದೆಯೇ ಎಂದು ಕೇಳಬೇಕು. ಇವಕ್ಕೆ ತೃಪ್ತಿಕರ ಉತ್ತರ ದೊರೆತರೆ, ಅಲ್ಲಿ ಕೊಡುವ ಹೆಚ್ಚುವರಿ ಹಣ ನಷ್ಟವೆನಿಸದು.

ಉಪಸಂಹಾರ

ಅಡ್ಡಬಿಲ್ಲಿನ ಉದಾಹರಣೆಯಲ್ಲಿ ಸೇವೆಯ ಲೋಪ ಕೂಡಲೇ ಕಣ್ಣಿಗೆ ಬೀಳುತ್ತದೆ. ಹೆದೆ ತುಂಡಾಗುತ್ತದೆ, ಬೆರಳು ಹೋಗುತ್ತದೆ. ನಮ್ಮ ಪಂಪ್‌ಸೆಟ್ಟು, ಇನ್ವರ್ಟರು, ಅಡಿಗೆ ಅನಿಲದ ಒಲೆಗಳ ವ್ಯಾಪಾರದಲ್ಲಿ ಅದು ನಿಧಾನವಾಗಿ ಗೋಚರಿಸುತ್ತದೆ, ಅಷ್ಟೆ. ಬೆಲೆಯ ಪೈಪೋಟಿಯಲ್ಲಿ ಅಂತರಜಾಲದ ದೊಡ್ಡ ಮಳಿಗೆಗಳನ್ನು ಸಣ್ಣ ಅಂಗಡಿ ಗೆಲ್ಲಲಾರದು. ಕೆಟ್ಟ ವಸ್ತುವನ್ನು ಮೇಜಿನ ಮೇಲಿಟ್ಟುಕೊಂಡು ಸರಿಪಡಿಸಬಲ್ಲ ಕೈ ಮಾತ್ರ ಸಣ್ಣ ಅಂಗಡಿಯಲ್ಲಿಯೇ ಇದೆ. ಆ ಕೈಗೆ ದರವನ್ನು ಗೊತ್ತುಮಾಡಿ, ಅದರ ವೆಚ್ಚವನ್ನು ಮಾರಾಟದ ದಿನವೇ ಲೆಕ್ಕಕ್ಕೆ ತೆಗೆದುಕೊಂಡು, ಮಾಡಿದ ಕೆಲಸವನ್ನು ಬರೆದಿಡುವ ವರ್ತಕರಿಗೆ ಮಾರಾಟ ಇಳಿದ ವರ್ಷವೂ ಅಂಗಡಿಯನ್ನು ನಡೆಸಲು ಆಧಾರವಿರುತ್ತದೆ. ಹೊಸ ಆರ್ಥಿಕ ವರ್ಷದ ಪುಸ್ತಕವನ್ನು ತೆರೆಯುವ ಮುನ್ನ, ಕಳೆದ ವರ್ಷ ಕೊಟ್ಟ ‘ಉಚಿತ’ ಭರವಸೆಗಳ ಪಟ್ಟಿಯನ್ನು ಒಮ್ಮೆ ಬರೆದು ಕೂಡಿಸಿ ನೋಡುವುದು ಪ್ರತಿಯೊಬ್ಬ ವರ್ತಕರಿಗೂ ಹಿತಕರ.